ಕೂಸು ಬೆಚ್ಚಿದರೆ ಕತ್ತು ಸರಿ ಮಾಡಿಸಬೇಕಿಲ್ಲ

ನಾನು ಮಕ್ಕಳ ಫಿಸಿಯೋಥೆರಪಿಸ್ಟ್. ತಿಂಗಳು ತುಂಬಿದ ಮಗುವನ್ನು ಎತ್ತಿಕೊಂಡು ಬರುವ ಅಪ್ಪ-ಅಮ್ಮಂದಿರು ಕೂತ ಕೂಡಲೇ ಕೇಳುವುದು ಹೆಚ್ಚುಕಡಿಮೆ ಒಂದೇ: "ಇದು ಯಾಕೆ ಹೀಗೆ ಬೆಚ್ಚಿ ಬೀಳುತ್ತೆ? ನರ ವೀಕ್ ಇದೆಯಾ?" ಇತ್ತೀಚೆಗೆ ಈ ಪ್ರಶ್ನೆಗೆ ಒಂದು ಬಾಲ ಸೇರಿಕೊಂಡಿದೆ. "ಕೈರೋಪ್ರಾಕ್ಟರ್ ಹತ್ತಿರ ಕತ್ತು ಅಡ್ಜಸ್ಟ್ ಮಾಡಿಸಿದ್ರೆ ಬೆಚ್ಚೋದು ನಿಲ್ಲುತ್ತಂತೆ, ನರಮಂಡಲ ಚೆನ್ನಾಗಿ ಬೆಳೆಯುತ್ತಂತೆ, ಹೌದಾ?"

ಕೈರೋಪ್ರಾಕ್ಟರ್ ಅಂದರೆ ಬೆನ್ನುಮೂಳೆ, ಕತ್ತಿನ ಮೂಳೆಗಳನ್ನು ಕೈಯಿಂದ ಒತ್ತಿ, ತಿರುವಿ ಚಿಕಿತ್ಸೆ ಕೊಡುವವರು. ಉತ್ತರ ಮೊದಲೇ ಹೇಳಿಬಿಡುತ್ತೇನೆ. ಚಿಕ್ಕ ಮಗು ಬೆಚ್ಚುವುದು ಕಾಯಿಲೆ ಅಲ್ಲ. ಬೆಚ್ಚದಿದ್ದರೆ ನಮಗೆ ಚಿಂತೆ. ಅದು ತಾನಾಗಿ ಬಂದದ್ದು, ಮೆದುಳು ಬೆಳೆದಂತೆ ತಾನಾಗಿಯೇ ಹೋಗುತ್ತದೆ. ಕತ್ತು ಒತ್ತಿದರೆ, ತಿರುವಿದರೆ ಬೇಗ ಹೋಗುತ್ತದೆ ಅನ್ನುವುದಕ್ಕೆ ಆಧಾರವಿಲ್ಲ. ನೀವು ಮಾಡಬೇಕಾದ್ದು ಎರಡು. ಮಗು ಸುಮ್ಮಸುಮ್ಮನೆ ಬೆಚ್ಚದ ಹಾಗೆ ಎತ್ತಿ ಇಳಿಸುವುದನ್ನು ಕಲಿಯಿರಿ. ಮತ್ತೆ, ಯಾವ ಬೆಚ್ಚು ಮಾಮೂಲಿ, ಯಾವುದು ಡಾಕ್ಟರಿಗೆ ತೋರಿಸಬೇಕಾದ್ದು ಅಂತ ಗುರುತಿಸಲು ಕಲಿಯಿರಿ.

ಬೆಚ್ಚುವಾಗ ಮೈಯಲ್ಲಿ ಏನಾಗುತ್ತದೆ

ಒಮ್ಮೆ ಹತ್ತಿರದಿಂದ ಗಮನಿಸಿ. ಮಗುವಿನ ತಲೆ ಒಂದಿಷ್ಟು ಹಿಂದಕ್ಕೆ ಜಾರಿತು, ಅಥವಾ ಬಾಗಿಲು ದಡ್ ಅಂದಿತು. ಮೊದಲು ಎರಡೂ ತೋಳು ಪಕ್ಕಕ್ಕೆ ಹಾರುತ್ತವೆ. ಅಂಗೈ ಬಿಚ್ಚಿಕೊಳ್ಳುತ್ತದೆ, ಬೆರಳುಗಳು ಅಗಲವಾಗುತ್ತವೆ. ಅರೆಕ್ಷಣ ಹಾಗೇ ನಿಲ್ಲುತ್ತದೆ. ಆಮೇಲೆ ಯಾರನ್ನೋ ತಬ್ಬಿಕೊಳ್ಳಲು ಹೊರಟಂತೆ ಎರಡೂ ತೋಳು ಎದೆಯ ಕಡೆ ಬರುತ್ತವೆ. ಹೆಚ್ಚಾಗಿ ಕೊನೆಗೊಂದು ಅಳು ಇರುತ್ತದೆ. ಇಷ್ಟೂ ಮುಗಿಯಲು ಕೆಲವೇ ಸೆಕೆಂಡು.

ಇದಕ್ಕೆ ಮೊರೊ ರಿಫ್ಲೆಕ್ಸ್ ಅನ್ನುತ್ತಾರೆ. ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿದ್ದ ಮಕ್ಕಳ ವೈದ್ಯ ಅರ್ನ್ಸ್ಟ್ ಮೊರೊ 1918ರಲ್ಲಿ ಇದನ್ನು ವಿವರವಾಗಿ ಬರೆದರು. ಅವರು ಮಗುವನ್ನು ಮೇಜಿನ ಮೇಲೆ ಮಲಗಿಸಿ, ತಲೆದಿಂಬಿನ ಎರಡೂ ಬದಿಗೆ ಕೈಯಿಂದ ಬಡಿದು ನೋಡುತ್ತಿದ್ದರು. ಈಗ ನಾವು ಹಾಗೆ ಬಡಿಯುವುದಿಲ್ಲ. ತಲೆ ಮತ್ತು ಬೆನ್ನನ್ನು ಕೈಯಲ್ಲಿ ಹಿಡಿದು, ತಲೆಯನ್ನು ಸ್ವಲ್ಪವೇ ಸ್ವಲ್ಪ ಹಿಂದಕ್ಕೆ ಬಿಟ್ಟು, ಅಂಗೈಯಲ್ಲೇ ಹಿಡಿದುಕೊಳ್ಳುತ್ತೇವೆ. ಇದನ್ನು ಮನೆಯಲ್ಲಿ ಮಾಡಿ ನೋಡಬೇಡಿ. ಅದರ ಅಗತ್ಯವೂ ಇಲ್ಲ, ಮಗು ದಿನಕ್ಕೆ ಎಷ್ಟೋ ಸಲ ತಾನೇ ತೋರಿಸುತ್ತದೆ.

ಒಳಗೆ ನಡೆಯುವುದು ಇಷ್ಟು. ಒಳಗಿವಿಯಲ್ಲಿ ಸಮತೋಲನದ ಅಂಗವಿದೆ. ತಲೆ ಜಾರಿದ್ದನ್ನು ಅದು ಹಿಡಿಯುತ್ತದೆ. ಸುದ್ದಿ ಮೆದುಳಿನ ಬುಡಕ್ಕೆ, ಅಂದರೆ ಮೆದುಳುಕಾಂಡಕ್ಕೆ ಹೋಗುತ್ತದೆ. ಅಲ್ಲಿಂದ ಬೆನ್ನುಹುರಿಯ ಮೂಲಕ ತೋಳಿಗೆ ಆಜ್ಞೆ ಇಳಿಯುತ್ತದೆ. ಯೋಚನೆ ಮಾಡುವ ಮೇಲಿನ ಮೆದುಳಿಗೆ ಇದರಲ್ಲಿ ಪಾಲಿಲ್ಲ. ಹಾಗಾಗಿ "ಏನೋ ಕೆಟ್ಟ ಕನಸು ಕಂಡು ಹೆದರಿತು" ಅಂತ ನೀವು ಮರುಗಬೇಕಿಲ್ಲ.

ಇದು ಗರ್ಭದಲ್ಲೇ ಶುರುವಾಗುತ್ತದೆ. ಸುಮಾರು 28 ವಾರದ ಹೊತ್ತಿಗೆ ಕೈ ಬಿಚ್ಚುವ ಭಾಗ ಕಾಣುತ್ತದೆ. ತೋಳು ಮತ್ತೆ ಒಳಗೆ ಬರುವ ಭಾಗ ದಿನ ತುಂಬುವ ಹೊತ್ತಿಗೆ ಕೂಡಿಕೊಳ್ಳುತ್ತದೆ. ಹುಟ್ಟಿದ ಮೇಲೆ ಮೊದಲ ಎರಡು ತಿಂಗಳು ಜೋರಾಗಿರುತ್ತದೆ. ಆಮೇಲೆ ಮಂಕಾಗುತ್ತಾ ಹೋಗುತ್ತದೆ. ನಾಲ್ಕು ತಿಂಗಳ ಆಸುಪಾಸಿನಲ್ಲಿ ಹೆಚ್ಚಿನ ಮಕ್ಕಳಲ್ಲಿ ಹೋಗಿರುತ್ತದೆ. ಆರು ತಿಂಗಳು ದಾಟಿಯೂ ಇದ್ದರೆ ತೋರಿಸಬೇಕು.

ಯಾಕೆ ಹೋಗುತ್ತದೆ? ಮೇಲಿನ ಮೆದುಳು ಬೆಳೆದು ಕೆಳಗಿನದ್ದರ ಮೇಲೆ ಹಿಡಿತ ಸಾಧಿಸುತ್ತದೆ. ನರಗಳಿಗೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಬರುತ್ತದೆ. ಮೊದಲ ವರ್ಷದಲ್ಲಿ ಮೆದುಳಿನ ಗಾತ್ರವೇ ಸುಮಾರು ಎರಡು ಪಟ್ಟಾಗುತ್ತದೆ. ಈ ಕೆಲಸಕ್ಕೆ ಬೇಕಾದ್ದು ಹಾಲು, ನಿದ್ದೆ, ಎತ್ತಿಕೊಳ್ಳುವ ಕೈ, ಮಾತಾಡಿಸುವ ಜನ. ಹೊರಗಿನಿಂದ ಯಾರೂ ಸ್ವಿಚ್ ಹಾಕಬೇಕಿಲ್ಲ.

ಇನ್ನೊಂದು ವಿಷಯ. ಸದ್ದಿಗೆ ಬೆಚ್ಚುವುದು ಮತ್ತು ಮೊರೊ ಎರಡೂ ಒಂದೇ ಅಲ್ಲ. ಸದ್ದಿನ ಬೆಚ್ಚಿನಲ್ಲಿ ಮೈ ಮುದುಡಿಕೊಳ್ಳುತ್ತದೆ, ಅದು ನಮಗೆ ನಿಮಗೆ ಜೀವನಪೂರ್ತಿ ಇರುತ್ತದೆ. ಮೊರೊದಲ್ಲಿ ಮೊದಲು ಮೈ ತೆರೆದುಕೊಳ್ಳುತ್ತದೆ. ಚಿಕ್ಕ ಕೂಸಿನಲ್ಲಿ ಎರಡೂ ಬೆರೆತು ಬರುವುದರಿಂದ ಮನೆಮಂದಿ ಎಲ್ಲವನ್ನೂ ಬೆಚ್ಚುವುದು ಅಂತಲೇ ಕರೆಯುತ್ತಾರೆ. ನಾನೂ ಇಲ್ಲಿ ಹಾಗೇ ಕರೆಯುತ್ತೇನೆ.

ಹಾಗೆಯೇ, "ಸದ್ದಿಗೆ ಬೆಚ್ಚುತ್ತೆ, ಅಂದ್ಮೇಲೆ ಕಿವಿ ಕೇಳುತ್ತೆ" ಅಂತ ಹಿಯರಿಂಗ್ ಟೆಸ್ಟ್ ಬಿಡಬೇಡಿ. ಒಂದು ಕಿವಿ ಮಾತ್ರ ಕೇಳುವ ಮಗುವೂ ಬೆಚ್ಚುತ್ತದೆ. ಅರ್ಧಂಬರ್ಧ ಕೇಳುವ ಮಗುವೂ ಬೆಚ್ಚುತ್ತದೆ. ಹುಟ್ಟಿದ ಒಂದು ತಿಂಗಳೊಳಗೆ ಕಿವಿಯ ಪರೀಕ್ಷೆ ಆಗಲಿ.

ಎತ್ತುವುದು, ಇಳಿಸುವುದು

ತೋಳಲ್ಲಿ ಗಾಢ ನಿದ್ದೆ, ಹಾಸಿಗೆಗೆ ಇಳಿಸಿದ ಕೂಡಲೇ ಎಚ್ಚರ. ಎಲ್ಲರ ದೂರೂ ಇದೇ. ಕಾರಣ ಸರಳ. ಹೆಚ್ಚಿನವರು ಮೊದಲು ತಲೆಯನ್ನು ಇಳಿಸುತ್ತಾರೆ, ಅಥವಾ ನಿಂತಲ್ಲಿಂದ ತೋಳು ಚಾಚಿ ಮಗುವನ್ನು ಗಾಳಿಯಲ್ಲಿ ಕೆಳಗೆ ತರುತ್ತಾರೆ. ಒಳಗಿವಿಗೆ ಅದು ಬಿದ್ದ ಹಾಗೆಯೇ ಲೆಕ್ಕ.

ಹೀಗೆ ಮಾಡಿ. ಮಗುವನ್ನು ಎದೆಗೆ ಒತ್ತಿಕೊಂಡೇ ಇರಿ. ಬಗ್ಗುವುದು ನೀವು. ನಿಮ್ಮ ಎದೆ ಹಾಸಿಗೆಯ ಹತ್ತಿರ ಹೋಗುವವರೆಗೂ ಮಗು ನಿಮ್ಮ ಮೈಯಿಂದ ಬೇರೆಯಾಗಬಾರದು. ಮೊದಲು ಪಾದ ತಾಗಲಿ, ಆಮೇಲೆ ಕುಂಡೆ, ಆಮೇಲೆ ಬೆನ್ನು. ತಲೆ ಎಲ್ಲಕ್ಕಿಂತ ಕೊನೆಗೆ. ತಲೆಯ ಕೆಳಗಿನ ಕೈಯನ್ನು ತಕ್ಷಣ ಎಳೆಯಬೇಡಿ. ಅಷ್ಟರಲ್ಲಿ ಇನ್ನೊಂದು ಕೈಯಿಂದ ಮಗುವಿನ ಎರಡೂ ಕೈಗಳನ್ನು ಎದೆಯ ಮೇಲೆ ತಂದು ಹಗುರವಾಗಿ ಹಿಡಿಯಿರಿ. ಉಸಿರು ಒಂದೇ ಸಮ ಆಯಿತು ಅನ್ನಿಸಿದ ಮೇಲೆ ತಲೆಯ ಕೆಳಗಿನ ಕೈ ಜಾರಿಸಿ. ಎದೆಯ ಮೇಲಿನ ಕೈ ಇನ್ನೂ ಸ್ವಲ್ಪ ಹೊತ್ತು ಇರಲಿ. ತೆಗೆಯುವಾಗಲೂ ಮೊದಲು ಭಾರ ಕಡಿಮೆ ಮಾಡಿ, ಆಮೇಲೆ ಎತ್ತಿ.

ಸೊಂಟನೋವು ಇರುವವರಿಗೆ ಇಷ್ಟು ಬಗ್ಗುವುದು ಕಷ್ಟ, ಅದರಲ್ಲೂ ಬಾಣಂತಿಗೆ. ಮಂಡಿಯೂರಿ ಕೂತು ಇಳಿಸಿ. ಅಥವಾ ಮನೆಯಲ್ಲಿ ಬೇರೆ ಯಾರಾದರೂ ಕಲಿಯಲಿ. ನಾನು ಅಪ್ಪಂದಿರಿಗೆ ಗೊಂಬೆ ಕೊಟ್ಟು ಮಾಡಿಸುತ್ತೇನೆ. ಅವರು ಬೇಗ ಕಲಿಯುತ್ತಾರೆ, ನಾಚಿಕೆ ಬಿಟ್ಟರೆ ಸಾಕು.

ಎತ್ತುವಾಗ ಇದರ ಉಲ್ಟಾ. ಮೊದಲು ಮಾತಾಡಿಸಿ, ಮುಟ್ಟಿ. ಆಮೇಲೆ ಒಂದು ಪಕ್ಕಕ್ಕೆ ಹೊರಳಿಸಿ, ಆ ಪಕ್ಕದಿಂದಲೇ ಎತ್ತಿ. ಅಂಗಾತ ಮಲಗಿದ್ದ ಮಗುವನ್ನು ಕಂಕುಳಿಗೆ ಕೈ ಹಾಕಿ ನೇರ ಮೇಲಕ್ಕೆತ್ತಿದರೆ ತಲೆ ಹಿಂದಕ್ಕೆ ಬೀಳುತ್ತದೆ. ಕೈ ಹಾರದೆ ಇನ್ನೇನಾಗುತ್ತದೆ?

ಡೈಪರ್ ಬದಲಿಸುವಾಗ ಕಾಲು ಎರಡನ್ನೂ ಜಗ್ಗಿ ಎತ್ತುವ ಬದಲು ಪಕ್ಕಕ್ಕೆ ಹೊರಳಿಸಿ ಒರೆಸಿ. ಸ್ನಾನಕ್ಕೆ ಇಳಿಸುವಾಗಲೂ ಪಾದ ಮೊದಲು. ನೀರು ಕಂಡರೆ ಮೈ ಬಿಚ್ಚಿ ಕಿರುಚುವ ಮಗುವಿಗೆ ಒಂದು ತೆಳು ಬಟ್ಟೆ ಸುತ್ತಿ, ಬಟ್ಟೆ ಸಮೇತ ಬೆಚ್ಚಗಿನ ನೀರಿಗೆ ಇಳಿಸಿ. ಒಂದೊಂದೇ ಕೈಕಾಲು ಹೊರಗೆ ತೆಗೆದು ತೊಳೆಯಿರಿ. ಅವಧಿಗೆ ಮುಂಚೆ ಹುಟ್ಟಿದ ಮಕ್ಕಳ ವಾರ್ಡಿನಲ್ಲಿ ನರ್ಸ್‌ಗಳು ಮಾಡುವ ಕ್ರಮ ಇದು. ಮನೆಯಲ್ಲೂ ನಡೆಯುತ್ತದೆ.

ಬೆಚ್ಚಿಯೇಬಿಟ್ಟಿತು, ಈಗ? ತಕ್ಷಣ ಎತ್ತಬೇಡಿ. ಎರಡೂ ಕೈ ಎದೆಗೆ ತಂದು ನಿಮ್ಮ ಅಂಗೈ ಇಡಿ. ಕಾಲು ಹೊಟ್ಟೆಯ ಕಡೆ ಸ್ವಲ್ಪ ಮಡಚಿ. ಮೆಲ್ಲಗೆ ಏನಾದರೂ ಹೇಳಿ. ಎಷ್ಟೋ ಸಲ ಮಗು ನಿದ್ದೆಯಿಂದ ಪೂರ್ತಿ ಎದ್ದೇ ಇರುವುದಿಲ್ಲ, ಹಾಗೇ ಮರಳಿ ಮಲಗುತ್ತದೆ. ಅಳು ಏರುತ್ತಾ ಹೋದರೆ ಎತ್ತಿಕೊಳ್ಳಿ. "ಎತ್ತಿ ಎತ್ತಿ ಅಭ್ಯಾಸ ಆಗುತ್ತೆ" ಅನ್ನುವವರ ಮಾತು ಈ ವಯಸ್ಸಿಗೆ ಹೊಂದುವುದಿಲ್ಲ.

ಎಷ್ಟೇ ಸುಸ್ತಾಗಿರಲಿ, ಮಗುವನ್ನು ಅಲುಗಾಡಿಸಬೇಡಿ. ತಾಳ್ಮೆ ಮುಗಿಯಿತು ಅನ್ನಿಸಿದರೆ ಅಂಗಾತ ಮಲಗಿಸಿ ಪಕ್ಕದ ಕೋಣೆಗೆ ಹೋಗಿ ಐದು ನಿಮಿಷ ಕೂತು ಬನ್ನಿ. ಅಳುವ ಮಗುವಿಗೆ ಅಷ್ಟರಲ್ಲಿ ಏನೂ ಆಗುವುದಿಲ್ಲ. ಅಲುಗಾಡಿಸಿದರೆ ಮೆದುಳಿನಲ್ಲಿ ರಕ್ತಸ್ರಾವ ಆಗಬಹುದು.

ಬಟ್ಟೆಯಲ್ಲಿ ಸುತ್ತುವುದು

ಸುತ್ತಿ ಮಲಗಿಸಿದರೆ ಬೆಚ್ಚುವುದು ನಿಲ್ಲುವುದಿಲ್ಲ. ಕೈ ಹಾರಿ ಅದರಿಂದಲೇ ಎಚ್ಚರವಾಗುವುದು ಕಡಿಮೆಯಾಗುತ್ತದೆ, ಅಷ್ಟೇ. ಸರಿಯಾಗಿ ಸುತ್ತಿದರೆ ಒಳ್ಳೆಯದೇ. ಆದರೆ ತಪ್ಪಾಗಿ ಸುತ್ತಿದ್ದನ್ನೇ ನಾನು ಹೆಚ್ಚು ನೋಡಿದ್ದೇನೆ: ಮೇಲೆ ಸಡಿಲ, ಕೆಳಗೆ ಬಿಗಿ, ಕಾಲು ಎರಡೂ ಕಡ್ಡಿಯ ಹಾಗೆ ನೇರ. ಆಗಬೇಕಾದ್ದು ಇದರ ತದ್ವಿರುದ್ಧ.

ತೆಳುವಾದ ಹತ್ತಿ ಬಟ್ಟೆ ಸಾಕು. ಒಂದು ಮೂಲೆ ಒಳಕ್ಕೆ ಮಡಚಿ, ಮಡಿಕೆಯ ಗೆರೆಗೆ ಮಗುವಿನ ಹೆಗಲು ಬರಲಿ. ಬಟ್ಟೆ ಹೆಗಲಿಗಿಂತ ಮೇಲೆ, ಮುಖದ ಹತ್ತಿರ ಬರಲೇಬಾರದು. ಕೈ ಪಕ್ಕಕ್ಕೆ ಇಡಬಹುದು. ಕೈಯನ್ನು ಬಾಯಿಯ ಹತ್ತಿರ ಇಟ್ಟುಕೊಳ್ಳಲು ಇಷ್ಟಪಡುವ ಮಗುವಾದರೆ ಹಾಗೇ ಬಿಡಿ. ಎದೆಯ ಹತ್ತಿರ ನಿಮ್ಮ ಎರಡು ಬೆರಳು ಒಳಗೆ ಹೋಗುವಷ್ಟು ಜಾಗ ಇರಬೇಕು. ಸೊಂಟದ ಕೆಳಗೆ ಪೂರ್ತಿ ಸಡಿಲ. ಮಗು ಕಾಲನ್ನು ಮೇಲಕ್ಕೆ ಮಡಚಿ ಹೊರಗೆ ಅಗಲಿಸಲು ಆಗಬೇಕು. ಕಾಲು ನೇರ ಮಾಡಿ ಬಿಗಿದರೆ ಸೊಂಟದ ಕೀಲು ಗುಂಡಿಯಿಂದ ಜಾರುವ ಅಪಾಯ ಜಾಸ್ತಿ. ಅದನ್ನು ಸರಿಪಡಿಸಲು ತಿಂಗಳುಗಟ್ಟಲೆ ಬೆಲ್ಟ್ ಹಾಕಬೇಕಾಗಬಹುದು.

ಸುತ್ತಿದ ಮಗು ಯಾವಾಗಲೂ ಅಂಗಾತ, ಗಟ್ಟಿ ಸಮತಟ್ಟಾದ ಹಾಸಿಗೆಯ ಮೇಲೆ. ದಿಂಬು ಬೇಡ, ಪಕ್ಕದಲ್ಲಿ ಗೊಂಬೆ ಬೇಡ. ಭಾರ ತುಂಬಿದ ಮಲಗುಚೀಲಗಳನ್ನು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2022ರ ಮಾರ್ಗಸೂಚಿಯಲ್ಲಿ ಬೇಡವೆಂದೇ ಹೇಳಿದೆ. ಸೆಖೆ ಆಗಿದೆಯೋ ಅಂತ ತಿಳಿಯಲು ಕೈಕಾಲು ಮುಟ್ಟಬೇಡಿ, ಅವು ತಣ್ಣಗೇ ಇರುತ್ತವೆ. ಎದೆ ಅಥವಾ ಕತ್ತಿನ ಹಿಂಭಾಗ ಮುಟ್ಟಿ ನೋಡಿ. ಬೆವರಿದ್ದರೆ ಒಂದು ಪದರ ತೆಗೆಯಿರಿ.

ನಿಲ್ಲಿಸುವುದು ಯಾವಾಗ? ಮಗುಚಿಕೊಳ್ಳುವ ಪ್ರಯತ್ನ ಕಂಡ ದಿನವೇ. ಪೂರ್ತಿ ಮಗುಚಲಿ ಅಂತ ಕಾಯಬಾರದು. ಸಾಮಾನ್ಯವಾಗಿ ಇದು ಮೂರು-ನಾಲ್ಕು ತಿಂಗಳಿಗೆ, ಕೆಲವರಲ್ಲಿ ಇನ್ನೂ ಬೇಗ. ಸುತ್ತಿದ ಮಗು ಬೋರಲು ಬಿದ್ದರೆ ಕೈ ಊರಿ ಮುಖ ಎತ್ತಲು ಆಗುವುದಿಲ್ಲ. ಮಗುಚುವ ಸುಳಿವು ಕಾಣುವ ಮೊದಲೇ ಬಿಡಿಸುವುದಾದರೆ ಕೆಲವು ರಾತ್ರಿ ಒಂದು ತೋಳು ಹೊರಗಿಡಿ, ಆಮೇಲೆ ಎರಡೂ. ಮಗು ಮತ್ತೆ ಬೆಚ್ಚಿ ಏಳುತ್ತದೆ, ನಿಮ್ಮ ನಿದ್ದೆ ಕೆಡುತ್ತದೆ. ಸ್ವಲ್ಪ ದಿನದಲ್ಲಿ ಹೊಂದಿಕೊಳ್ಳುತ್ತದೆ.

ಸದ್ದು, ಬೋರಲು ಆಟ

ಮನೆಯನ್ನು ಪಿನ್ ಡ್ರಾಪ್ ನಿಶ್ಶಬ್ದ ಮಾಡಬೇಡಿ. ಒಂದೇ ಬಗೆಯ ಸದ್ದು ಮತ್ತೆ ಮತ್ತೆ ಬಂದರೆ ಮಗು ಅದಕ್ಕೆ ಬೆಚ್ಚುವುದನ್ನು ಕಡಿಮೆ ಮಾಡುತ್ತದೆ. ಇದು ಮೆದುಳಿನ ಮೊಟ್ಟಮೊದಲ ಕಲಿಕೆಗಳಲ್ಲಿ ಒಂದು. ಪಾತ್ರೆ ಸದ್ದು, ಮಾತುಕತೆ ಎಲ್ಲ ನಡೆಯಲಿ. ತಟ್ಟನೆ ಬರುವ ಜೋರು ಸದ್ದನ್ನು ಮಾತ್ರ ತಪ್ಪಿಸಿ. ವೈಟ್ ನಾಯ್ಸ್ ಯಂತ್ರ ಇಡುವುದಾದರೆ ದೂರ ಇಡಿ, ವಾಲ್ಯೂಮ್ ಕಡಿಮೆ ಇರಲಿ, ನಿದ್ದೆ ಬಂದ ಮೇಲೆ ಆರಿಸಿ. ಇಂಥ ಯಂತ್ರಗಳನ್ನು ಅಳೆದ 2014ರ ಒಂದು ಅಧ್ಯಯನದಲ್ಲಿ ಕೆಲವು, ವಾಲ್ಯೂಮ್ ಪೂರ್ತಿ ಏರಿಸಿದಾಗ, ಒಂದು ಅಡಿ ದೂರದಲ್ಲಿ 85 ಡೆಸಿಬಲ್ ದಾಟಿದ್ದವು. ಎಳೆಯ ಕಿವಿಗೆ ಅದು ತುಂಬಾ ಜಾಸ್ತಿ.

ನರಮಂಡಲ ಬೆಳೆಯಲಿ ಅಂತ ಏನಾದರೂ ಮಾಡಲೇಬೇಕು ಅನ್ನಿಸಿದರೆ ನಾನು ಕೊಡುವ ಕೆಲಸ ಇದು: ಎಚ್ಚರವಿದ್ದಾಗ ಬೋರಲು ಮಲಗಿಸಿ. ಮೊದಮೊದಲು ನಿಮ್ಮ ಎದೆಯ ಮೇಲೆ, ಮುಖಕ್ಕೆ ಮುಖ. ಎರಡು ಮೂರು ನಿಮಿಷ ಸಾಕು, ಗೊಣಗಿದರೆ ತೆಗೆಯಿರಿ, ಮತ್ತೆ ಮಾಡಿ. ಇನ್ನೂ ಹರಿದಾಡದ ಮಗುವಿಗೆ ದಿನಕ್ಕೆ ಒಟ್ಟು ಕನಿಷ್ಠ 30 ನಿಮಿಷ ಬೋರಲು ಸಮಯ ಸಿಗಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿತು. ಕತ್ತು, ಹೆಗಲು ಗಟ್ಟಿಯಾದಷ್ಟೂ ತಲೆ ಹಿಂದಕ್ಕೆ ಜಾರುವುದು ಕಡಿಮೆ. ಬೆಚ್ಚಲು ಕಾರಣವೂ ಕಡಿಮೆ. ಕತ್ತಿಗೆ ಯಾವುದಾದರೂ ಚಿಕಿತ್ಸೆ ಬೇಕಿದ್ದರೆ ಅದು ಇದೇ.

ಕೈರೋಪ್ರಾಕ್ಟರ್ ಏನು ಹೇಳುತ್ತಾರೆ

ಅವರ ವಾದ ಹೀಗೆ ಸಾಗುತ್ತದೆ. ಹೆರಿಗೆಯ ಒತ್ತಡಕ್ಕೆ ಕತ್ತಿನ ಮೇಲ್ಭಾಗದ ಮೂಳೆ ಸ್ವಲ್ಪ ಸರಿದಿದೆ. ಪೈಪು ಮಡಚಿ ನೀರು ನಿಂತ ಹಾಗೆ ನರದ ಸಂದೇಶ ನಿಂತಿದೆ. ಅದಕ್ಕೇ ಮಗು ಜಾಸ್ತಿ ಬೆಚ್ಚುತ್ತೆ, ಅಳುತ್ತೆ, ಮಲಗಲ್ಲ. ಬೆರಳಿನಿಂದ ಹಗುರವಾಗಿ ಒತ್ತಿ ಸರಿ ಮಾಡುತ್ತೇವೆ, ಇಂತಿಷ್ಟು ಸಿಟ್ಟಿಂಗ್ ಬೇಕು.

ಕೇಳಲು ಚೆನ್ನಾಗಿದೆ. ಆದರೆ ಮೊರೊದ ದಾರಿ ನೆನಪಿಸಿಕೊಳ್ಳಿ: ಒಳಗಿವಿ, ಮೆದುಳುಕಾಂಡ, ಬೆನ್ನುಹುರಿ, ತೋಳು. ಸಂದೇಶ ನಿಂತಿದ್ದರೆ ತೋಳು ಹಾರುವುದು ಹೇಗೆ? ಜೋರಾಗಿ ಬೆಚ್ಚುವ ಮಗುವಿನಲ್ಲಿ ಈ ದಾರಿ ತೆರೆದಿದೆ ಅಂತಲೇ ಅರ್ಥ. ನಿಜವಾಗಿ ಕತ್ತಿನ ಮೂಳೆ ಸರಿದು ಬೆನ್ನುಹುರಿಯನ್ನು ಒತ್ತುತ್ತಿದ್ದರೆ ಮಗುವಿನ ಕೈಕಾಲು ಸೋಲುತ್ತವೆ, ಉಸಿರಾಟಕ್ಕೆ ತೊಂದರೆಯಾಗುತ್ತದೆ. ಆಗ ಬೇಕಾದ್ದು ಎಂಆರ್‌ಐ ಮತ್ತು ಆಸ್ಪತ್ರೆ. ಬೆರಳಿನ ಒತ್ತಡ ಅಲ್ಲ.

ಈ ಪದ್ಧತಿ 1895ರಲ್ಲಿ ಅಮೆರಿಕದ ಅಯೋವಾ ರಾಜ್ಯದ ಡಾವೆನ್‌ಪೋರ್ಟ್‌ನಲ್ಲಿ ಶುರುವಾಯಿತು. ಡಿ. ಡಿ. ಪಾಮರ್ ಎಂಬಾತ ಕಿವಿ ಕೇಳದ ಒಬ್ಬರ ಬೆನ್ನುಮೂಳೆ ಒತ್ತಿ ಕಿವಿ ಕೇಳಿಸಿದೆ ಅಂದರು. ಕಿವಿಯ ನರ ಬೆನ್ನುಮೂಳೆಯ ಹತ್ತಿರವೂ ಸುಳಿಯುವುದಿಲ್ಲ. ದೊಡ್ಡವರ ಸೊಂಟನೋವಿಗೆ ಕೈರೋಪ್ರಾಕ್ಟಿಕ್‌ನಿಂದ ಒಂದಿಷ್ಟು ಆರಾಮ ಸಿಗುತ್ತದೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಕೂಸಿನ ವಿಷಯವೇ ಬೇರೆ.

ಮಕ್ಕಳಲ್ಲಿ ಹೆಚ್ಚು ಪರೀಕ್ಷೆ ಮಾಡಿರುವುದು ಬೆಚ್ಚುವುದರ ಮೇಲಲ್ಲ, ಅಳುವಿನ ಮೇಲೆ. ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2012ರ ವಿಮರ್ಶೆ ಆರು ಸಣ್ಣ ಪ್ರಯೋಗಗಳನ್ನು ನೋಡಿತು, ಒಟ್ಟು 325 ಶಿಶುಗಳು. ಅಳು ಕಡಿಮೆಯಾಯಿತು ಅಂತ ಹೆಚ್ಚಿನವು ಹೇಳಿದವು. ಆದರೆ ಅಳುವಿನ ಲೆಕ್ಕ ಬರೆದವರು ಅಪ್ಪ-ಅಮ್ಮ, ಮತ್ತು ಚಿಕಿತ್ಸೆ ಆಗಿದೆ ಅಂತ ಬಹಳಷ್ಟು ಕಡೆ ಅವರಿಗೆ ಗೊತ್ತಿತ್ತು. ಅದು ಗೊತ್ತಿಲ್ಲದ ಹಾಗೆ ಮಾಡಿದ ಕಡೆ ಖಚಿತವಾದ ಲಾಭ ಕಾಣಲಿಲ್ಲ.

ಹಾಗಾದರೆ "ನಮ್ಮ ಮಗುವಿಗೆ ಕಡಿಮೆ ಆಯ್ತಲ್ಲ" ಅನ್ನುವವರು ಸುಳ್ಳು ಹೇಳುತ್ತಾರಾ? ಇಲ್ಲ. ಮಗುವಿನ ಅಳು ಸುಮಾರು ಆರು ವಾರಕ್ಕೆ ಶಿಖರ ಮುಟ್ಟುತ್ತದೆ. ಅಪ್ಪ-ಅಮ್ಮ ಸೋತು ಯಾರ ಹತ್ತಿರವಾದರೂ ಓಡುವುದು ಆಗಲೇ. ಅಲ್ಲಿಂದ ಮೂರು-ನಾಲ್ಕು ತಿಂಗಳವರೆಗೆ ಅಳು ಇಳಿಯುತ್ತದೆ, ಬೆಚ್ಚುವುದೂ ಇಳಿಯುತ್ತದೆ. ಸಿಟ್ಟಿಂಗ್‌ಗಳು ಮುಗಿಯುವ ಹೊತ್ತಿಗೆ ಮಗು ಸುಧಾರಿಸಿರುತ್ತದೆ. ಹೋಗದಿದ್ದರೂ ಸುಧಾರಿಸುತ್ತಿತ್ತು.

ಅಪಾಯ ಎಷ್ಟು? ಹಗುರ ಬೆರಳೊತ್ತಿಗೆ ಹೆಚ್ಚಿನ ಮಕ್ಕಳಿಗೆ ಏನೂ ಆಗುವುದಿಲ್ಲ, ಇದೂ ನಿಜ. ಆದರೆ 2007ರಲ್ಲಿ 'ಪೀಡಿಯಾಟ್ರಿಕ್ಸ್' ಪತ್ರಿಕೆಯಲ್ಲಿ ಬಂದ ಒಂದು ವಿಮರ್ಶೆ ಮಕ್ಕಳ ಬೆನ್ನುಮೂಳೆ ತಿರುವಿದ ಮೇಲೆ ನೇರ ತೊಂದರೆಯಾದ 14 ಪ್ರಕರಣ ಹುಡುಕಿತು. ಅದರಲ್ಲಿ 9 ಗಂಭೀರ, ಮೆದುಳಿನ ಸುತ್ತ ರಕ್ತಸ್ರಾವ, ಕಾಲಿನ ಪಾರ್ಶ್ವವಾಯು ಇಂಥವು. ಇನ್ನೂ 20 ಪ್ರಕರಣಗಳು ಬೇರೆ ಬಗೆಯವು. ಅಲ್ಲಿ ಮಧುಮೇಹ, ಕ್ಯಾನ್ಸರ್‌ನಂಥ ರೋಗ ಪತ್ತೆ ತಡವಾಗಿತ್ತು, ಅಥವಾ ಆ ರೋಗಕ್ಕೆ ಮೂಳೆ ತಿರುವಲೇಬಾರದಿತ್ತು. ಆಸ್ಟ್ರೇಲಿಯಾದಲ್ಲಿ ಕೆಲವೇ ವಾರದ ಕೂಸಿಗೆ ಚಿಕಿತ್ಸೆ ಕೊಡುವ ವಿಡಿಯೋ ಗಲಾಟೆ ಎಬ್ಬಿಸಿತು. 2019ರಲ್ಲಿ ಅಲ್ಲಿನ ಕೈರೋಪ್ರಾಕ್ಟಿಕ್ ಮಂಡಳಿಯೇ 12 ವರ್ಷದೊಳಗಿನ ಮಕ್ಕಳ ಬೆನ್ನುಮೂಳೆ ತಿರುವಬೇಡಿ ಎಂದು ತಾತ್ಕಾಲಿಕ ಸೂಚನೆ ಕೊಟ್ಟಿತು. ಮುಂದೆ ಅದು ಸಡಿಲವಾಯಿತು. 2024ರಲ್ಲಿ ಎರಡು ವರ್ಷದೊಳಗಿನವರಿಗೆ ಮತ್ತೆ ತಡೆ ಬಂತು.

ನನಗೆ ಇವೆಲ್ಲಕ್ಕಿಂತ ಹೆಚ್ಚು ಹೆದರಿಕೆ ತಡವಾಗುವುದರದ್ದು. ಐದು ತಿಂಗಳ ಒಂದು ಮಗುವನ್ನು ಕರೆತಂದಿದ್ದರು. "ಮೊರೊ ಇನ್ನೂ ಉಳಿದಿದೆ, ಅಡ್ಜಸ್ಟ್‌ಮೆಂಟ್ ಮುಂದುವರಿಸಿ" ಅಂತ ಯಾರೋ ಹೇಳಿ ವಾರಗಳು ಕಳೆದಿದ್ದವು. ತಾಯಿ ಫೋನಿನಲ್ಲಿ ವಿಡಿಯೋ ತೋರಿಸಿದರು. ಮಗು ನಿದ್ದೆಯಿಂದ ಎದ್ದಿದೆ. ಸದ್ದಿಲ್ಲ, ಯಾರೂ ಮುಟ್ಟಿಲ್ಲ. ತಲೆ ಮುಂದಕ್ಕೆ ಬಾಗಿತು, ತೋಳು ಬಿಗಿಯಾಗಿ ಎದ್ದಿತು, ಇಳಿಯಿತು. ಕೆಲವು ಸೆಕೆಂಡು ಬಿಟ್ಟು ಮತ್ತೆ. ಮತ್ತೆ. ಒಂದೇ ತಾಳದಲ್ಲಿ. ನಾನು ಪರೀಕ್ಷೆ ಮಾಡಲೂ ಹೋಗಲಿಲ್ಲ, ಅಂದೇ ನರರೋಗ ತಜ್ಞರ ಹತ್ತಿರ ಕಳಿಸಿದೆ. ಮೆದುಳಿನ ವಿದ್ಯುತ್ ಅಲೆಗಳನ್ನು ನೋಡುವ ಇಇಜಿ ಪರೀಕ್ಷೆ ಆಯಿತು. ಅದು ಇನ್‌ಫಂಟೈಲ್ ಸ್ಪಾಸಂ ಎಂಬ ಫಿಟ್ಸ್.

ವಿಲಿಯಂ ವೆಸ್ಟ್ ಎಂಬ ಇಂಗ್ಲಿಷ್ ವೈದ್ಯ 1841ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಗೆ ಬರೆದ ಪತ್ರದಲ್ಲಿ ಈ ಕಾಯಿಲೆಯನ್ನು ಮೊದಲು ವಿವರಿಸಿದರು. ಕಾಯಿಲೆ ಇದ್ದದ್ದು ಅವರದೇ ಮಗನಿಗೆ. ಅವರ ಕೈಯಲ್ಲಿ ಆಗ ಔಷಧಿ ಇರಲಿಲ್ಲ. ಈಗ ಇದೆ. ಎಸಿಟಿಎಚ್, ಸ್ಟೆರಾಯ್ಡ್, ವಿಗಾಬಾಟ್ರಿನ್. ಎಷ್ಟು ಬೇಗ ಶುರುವಾದರೆ ಮಗುವಿನ ಮುಂದಿನ ಬೆಳವಣಿಗೆಗೆ ಅಷ್ಟು ಒಳ್ಳೆಯದು.

ಡಾಕ್ಟರಿಗೆ ತೋರಿಸಬೇಕಾದ ಬೆಚ್ಚು

ಹೀಗೆ ಸಾಲಾಗಿ ಬರುವುದು, ಅದರಲ್ಲೂ ಎದ್ದ ಕೂಡಲೇ, ಅದರಲ್ಲೂ ಮೂರು ತಿಂಗಳಿನಿಂದ ಒಂದು ವರ್ಷದೊಳಗೆ: ಅಂದೇ ತೋರಿಸಿ. ಮೊರೊಗೆ ಏನಾದರೂ ಕಾರಣ ಇರುತ್ತದೆ, ಒಮ್ಮೆ ಬಂದು ಮುಗಿಯುತ್ತದೆ. ಇದಕ್ಕೆ ಕಾರಣ ಬೇಕಿಲ್ಲ, ಸರಣಿಯಾಗಿ ಬರುತ್ತದೆ. ವಿಡಿಯೋ ಮಾಡಿ. ಬಾಯಿಮಾತಿನ ವಿವರಣೆಗಿಂತ ಅರ್ಧ ನಿಮಿಷದ ವಿಡಿಯೋ ಮೇಲು. ಇಡೀ ಮೈ ಕಾಣಬೇಕು, ಹೊದಿಕೆ ತೆಗೆದಿರಬೇಕು, ಬೆಳಕಿರಬೇಕು.

ಒಂದೇ ತೋಳು ಹಾರುತ್ತಿದೆಯಾ? ಇದನ್ನು ಮನೆಯವರೇ ಮೊದಲು ಗಮನಿಸುತ್ತಾರೆ. ಒಬ್ಬ ಅಜ್ಜಿ ನನಗೆ ಹೇಳಿದರು, "ಇವನು ಎಡಗೈ ಮಾತ್ರ ಎತ್ತುತ್ತಾನೆ ನೋಡಮ್ಮ, ಬಲಗೈ ಸುಮ್ನೆ ಬಿದ್ದಿರುತ್ತೆ." ಬಲಗಡೆಯ ಕಾಲರ್ ಮೂಳೆ ಹೆರಿಗೆಯಲ್ಲಿ ಬಿರುಕು ಬಿಟ್ಟಿತ್ತು. ಚಿಕ್ಕ ಮಕ್ಕಳಲ್ಲಿ ಅದು ಬೇಗ ಕೂಡಿಕೊಳ್ಳುತ್ತದೆ, ವಾರದೊಪ್ಪತ್ತಿನಲ್ಲಿ ಅಲ್ಲೊಂದು ಸಣ್ಣ ಗಂಟು ಕೈಗೆ ಸಿಗುತ್ತದೆ. ಅವನಿಗೂ ಹಾಗೇ ಆಯಿತು. ಕೆಲವೊಮ್ಮೆ ಕಾರಣ ತೋಳಿನ ನರಗಳಿಗೆ ಬಿದ್ದ ಎಳೆತ ಇರಬಹುದು. ಅದಕ್ಕೆ ವ್ಯಾಯಾಮ ಬೇಗ ಶುರುವಾಗಬೇಕು. ಅಪರೂಪಕ್ಕೆ ಮೆದುಳಿನ ಒಂದು ಬದಿಯ ತೊಂದರೆ. ಇಂಥ ಮಗುವಿನ ಕತ್ತು, ಹೆಗಲು ಯಾರಾದರೂ ಒತ್ತಿದರೆ ಏನಾಗುತ್ತದೆ, ನೀವೇ ಯೋಚಿಸಿ.

ಬೆಚ್ಚುವುದೇ ಇಲ್ಲ, ಮೈ ಬಟ್ಟೆಯ ಹಾಗೆ ಸಡಿಲ ಅಂದರೆ ತೋರಿಸಿ. ಕಾಮಾಲೆ ಇರುವ ಮಗು ಮಂಕಾಗಿ, ಹಾಲು ಬಿಟ್ಟು, ಕೀಚಲು ದನಿಯಲ್ಲಿ ಅಳುತ್ತಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ. ಮೂರು ತಿಂಗಳೊಳಗಿನ ಮಗುವಿಗೆ 38 ಡಿಗ್ರಿ ಸೆಲ್ಸಿಯಸ್ ಜ್ವರ ಬಂದರೂ ಅಷ್ಟೇ.

ಗಡಗಡ ನಡುಕ ಬೇರೆ ವಿಷಯ. ನಡುಗುವ ಕೈಯನ್ನು ಮೆಲ್ಲಗೆ ಹಿಡಿಯಿರಿ. ಹಿಡಿದಾಗ ನಿಂತರೆ ಸಾಮಾನ್ಯವಾಗಿ ಬರೀ ನಡುಕ. ಪದೇ ಪದೇ ಬರುತ್ತಿದ್ದರೆ ಸಕ್ಕರೆ, ಕ್ಯಾಲ್ಸಿಯಂ ಪರೀಕ್ಷೆ ಮಾಡಿಸಿ. ಹಿಡಿದರೂ ನಿಲ್ಲದೆ ಒಳಗೆ ಕುಟ್ಟುತ್ತಿದ್ದರೆ ಫಿಟ್ಸ್ ಇರಬಹುದು. ನಿದ್ದೆಯಲ್ಲಿ ಮಾತ್ರ ಕೈಕಾಲು ಎಗರಿ, ಎಬ್ಬಿಸಿದ ಕೂಡಲೇ ನಿಂತರೆ ಅದು ನಿರುಪದ್ರವಿ ಎಗರಾಟ, ಕೆಲವು ತಿಂಗಳಲ್ಲಿ ಹೋಗುತ್ತದೆ. ಅದನ್ನೂ ಒಮ್ಮೆ ವಿಡಿಯೋದಲ್ಲಿ ತೋರಿಸಿಬಿಡಿ.

ಬಹಳ ಅಪರೂಪಕ್ಕೆ, ಮುಟ್ಟಿದರೆ ಸಾಕು ಬೆಚ್ಚಿ ಮರದ ಹಾಗೆ ಸೆಟೆದುಕೊಳ್ಳುವ ಮಕ್ಕಳಿರುತ್ತಾರೆ. ಮೂಗಿನ ತುದಿ ತಟ್ಟಿದರೆ ಪ್ರತಿ ಸಲವೂ ಬೆಚ್ಚುತ್ತಾರೆ, ಅಭ್ಯಾಸವಾಗುವುದೇ ಇಲ್ಲ. ಹೈಪರೆಕ್‌ಪ್ಲೆಕ್ಸಿಯಾ ಅಂತ ಇದರ ಹೆಸರು. ಸೆಟೆದಾಗ ಉಸಿರು ನಿಲ್ಲಬಹುದು. ತಲೆ ಮತ್ತು ಕಾಲನ್ನು ಹೊಟ್ಟೆಯ ಕಡೆ ಬಾಗಿಸಿದರೆ ಸೆಟೆತ ಬಿಡುತ್ತದೆ. ಇದಕ್ಕೆ ಔಷಧಿ ಇದೆ.

ಈಗಾಗಲೇ ಕೈರೋಪ್ರಾಕ್ಟರ್ ಹತ್ತಿರ ಹೋಗಿ ಬಂದಿದ್ದೀರಾ? ಗಾಬರಿ ಬೇಡ. ಮಗು ಎಂದಿನಂತೆ ಹಾಲು ಕುಡಿದು ಕೈಕಾಲು ಆಡಿಸುತ್ತಿದ್ದರೆ ಸರಿ. ವಾಂತಿ, ವಿಪರೀತ ಮಂಪರು, ಒಂದು ಕೈ ಅಥವಾ ಕಾಲು ಆಡಿಸದಿರುವುದು, ಕತ್ತು ಒಂದೇ ಕಡೆ ಸೆಟೆಯುವುದು ಕಂಡರೆ ಆಸ್ಪತ್ರೆಗೆ ಹೋಗಿ. ಏನು ಮಾಡಿಸಿದಿರಿ ಅನ್ನುವುದನ್ನು ಮುಚ್ಚಿಡದೆ ಹೇಳಿ. ಬೈಯುತ್ತಾರೆ ಅಂತ ಎಷ್ಟೋ ಜನ ಹೇಳುವುದೇ ಇಲ್ಲ.

ಕೊನೆಗೊಂದು ಲೆಕ್ಕದ ವಿಷಯ. ಅವಧಿಗೆ ಮುಂಚೆ ಹುಟ್ಟಿದ ಮಗುವಿಗೆ ಮೇಲಿನ ತಿಂಗಳುಗಳನ್ನು ಹುಟ್ಟಿದ ದಿನದಿಂದ ಎಣಿಸಬೇಡಿ. ಡಾಕ್ಟರ್ ಕೊಟ್ಟಿದ್ದ ಹೆರಿಗೆ ದಿನಾಂಕದಿಂದ ಎಣಿಸಿ. ಎರಡು ತಿಂಗಳು ಮುಂಚೆ ಹುಟ್ಟಿದ ಮಗುವಿಗೆ ಈಗ ಆರು ತಿಂಗಳು ಅಂದರೆ, ಈ ಲೆಕ್ಕದಲ್ಲಿ ಅದಕ್ಕೆ ನಾಲ್ಕೇ ತಿಂಗಳು. ಅಂಥ ಮಗು ಇನ್ನೂ ಮಾಮೂಲಿಯಾಗಿ ಬೆಚ್ಚುತ್ತಿದ್ದರೆ, ಡಾಕ್ಟರಿಗೆ ತೋರಿಸಿ ಅಂತ ಮೇಲೆ ಹೇಳಿದ ಲಕ್ಷಣ ಯಾವುದೂ ಇಲ್ಲದಿದ್ದರೆ, ಎರಡು ತಿಂಗಳು ಕಾಯಿರಿ. ಸುತ್ತುವುದನ್ನು ನಿಲ್ಲಿಸಲು ಮಾತ್ರ ಯಾವ ಲೆಕ್ಕವೂ ಬೇಡ, ಮಗುಚಲು ನೋಡಿದರೆ ಬಟ್ಟೆ ಬಿಚ್ಚಿ.